ಖಂಡೆಪೂಜೆಗಿಟ್ಟ ನವಿಲುಹಿಡಿಯ ಕತ್ತಿ

ನನ್ನ ಹೆಸರು ಸೂಗಮ್ಮ, ಗಂಡ ದಿವಂಗತ ಅಮೃತಪ್ಪ, ವಯಸ್ಸು 58 ವರ್ಷ, ಮನೆಗೆಲಸ, ಸ್ವಂತ ಊರು ಗುಲಬರ್ಗಾ ಜಿಲ್ಲೆಯ ಸೇಡಂ, ಸದ್ಯ ವಾಸ ಹೈದರಾಬಾದಿನ ಕೂಕಟ್‌ಪಲ್ಲಿ. ಕನ್ನಡ ಬಲ್ಲ ಪೇದೆಯವರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ,

ಇಲ್ಲಿ ಮೇಜಿನ ಮೇಲೆ ನನಗೆ ತೋರಿಸಿದ ಕತ್ತಿಯನ್ನು ಗುರುತಿಸುತ್ತೇನೆ. ಅದು ನನ್ನ ಸೊಸೆ ಅಪೂರ್ವಳದು. ಅವಳ ಸಾಫ್ಟ್‌ವೇರ್ ಕಂಪನಿಯವರು ಹೋದ ಯುಗಾದಿಗೆ ಬಹುಮಾನವಾಗಿ ಕೊಟ್ಟದ್ದು. ಹಿತ್ತಾಳೆಯ ನವಿಲುಹಿಡಿ, ಕೆಂಪು ಮಖಮಲ್ಲಿನ ಒರೆ. ರಾಜರ ಕಾಲದ್ದಲ್ಲ, ಗೋಡೆಗೆ ತೂಗುಹಾಕಲೆಂದು ನಾಚಾರಂನ ಕಾರ್ಖಾನೆಯೊಂದರಲ್ಲಿ ಮಾಡಿದ್ದು. ಹಿಡಿಯ ಕೆಳಗೆ ಅದರ ಮುದ್ರೆ ಇದೆ. ಮನೆಗೆ ಬಂದಾಗ ಅದರಿಂದ ಸೌತೆಕಾಯಿಯನ್ನೂ ಹೆಚ್ಚಲಾಗುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಮಹಾನವಮಿಯ ಖಂಡೆಪೂಜೆಗೆ ಮೊಂಡು ಕಬ್ಬಿಣ ಇಡುವ ಪದ್ಧತಿಯಿಲ್ಲ. ಈಳಿಗೆಯನ್ನೂ ಸಾಣೆ ಹಿಡಿಸಿಯೇ ಇಡುತ್ತೇವೆ. ಹಬ್ಬದ ಹಿಂದಿನ ದಿನ ಅಪೂರ್ವ ಆಫೀಸಿನಲ್ಲಿದ್ದಾಗ ಬೀದಿಯಲ್ಲಿ ಬಂದ ಸಾಣೆಯವನನ್ನು ಕರೆದೆ. ಇದು ಶೋಕಿಯ ಕತ್ತಿ, ಹರಿತ ಬೇಡವೆಂದು ಅವನು ಹೇಳಿದ. "ದೇವರ ಮುಂದ ಸುಳ್ಳ ಆಯುಧ ಇಡಂಗಿಲ್ಲಪ್ಪ, ಸಾಣಿ ಹಿಡಿ" ಎಂದು ನಾನೇ ಹಟ ಹಿಡಿದು ಮಾಡಿಸಿದೆ. ಆಗ ಹಿಡಿ ಸಡಿಲವಾಯಿತು. ಸೊಸೆ ನಕ್ಕಾಳೆಂದು ಅವಳಿಗೆ ತಿಳಿಸಲಿಲ್ಲ. ಪೂಜೆಯ ದಿನ ಅವಳು ಒರೆಯಲ್ಲಿದ್ದ ಕತ್ತಿಗೇ ಕೈಮುಗಿದಳು.

ಈ ದಿನ ಬೆಳಿಗ್ಗೆ 10-30ಕ್ಕೆ ಅಪೂರ್ವ, ಹಿಡಿ ಅಲುಗುತ್ತದೆಂದು ರಿಪೇರಿಗೆ ಅದನ್ನು ಸ್ಕೂಟರಿನಲ್ಲಿ ನಾಚಾರಂಗೆ ಒಯ್ಯುತ್ತಿದ್ದಳು. ಮನೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಪೊಲೀಸರು ತಡೆದಾಗ ಇದಕ್ಕೆ ಹರಿತವೇ ಇಲ್ಲವೆಂದು ಹೇಳಿದಳಂತೆ. ಒರೆಯಿಂದ ಎಳೆದು ನೋಡಿದ ಅಲ್ಲಿನ ಪೇದೆಯೊಬ್ಬರ ಹೆಬ್ಬೆರಳು ಕೊಯ್ದುಹೋಯಿತು. ಅವರ ಗಾಯಕ್ಕೆ ನನಗೆ ಭಾಳ ಸಂಕಟವಿದೆ.

ನಾನು 12 ಗಂಟೆಗೆ ಠಾಣೆಗೆ ಬಂದು, ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಅಪೂರ್ವಳಿಗೆ ಸಾಣೆಯ ಸಂಗತಿ ಹೇಳಿದೆ. ಅವಳು ನನ್ನ ಕೈ ಹಿಡಿದು, "ಅತ್ತಿ, ಇದನ್ನ ಯಾರ ಮುಂದೂ ಆಡಬ್ಯಾಡ್ರಿ" ಎಂದಳು. ಆಮೇಲೆ ಒಳಗೆ ಹೋಗಿ, ಸಾಣೆ ಹಿಡಿಸಿದ್ದು ತಾನೇ ಎಂದು ಬರೆದುಕೊಟ್ಟಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಹುಡುಗಿ ತನ್ನ ಕಾಲವನ್ನು ಹೀಗೆ ಬಳಸಿಕೊಂಡಳು.

ಪೂಜೆ ಮಾಡಿದ್ದು ತಪ್ಪೆಂದು ನಾನು ಒಪ್ಪುವುದಿಲ್ಲ. ಕೇಸು ಹಾಕಲೇಬೇಕಿದ್ದರೆ ನನ್ನ ಮೇಲೆ ಹಾಕಬೇಕು. ಅಪೂರ್ವ ರಸ್ತೆಯಲ್ಲಿ ಹೇಳಿದ್ದು ಅವಳು ತಿಳಿದ ಮಟ್ಟಿಗೆ ನಿಜ. ಠಾಣೆಯಲ್ಲಿ ಬರೆದುಕೊಟ್ಟದ್ದು ಸುಳ್ಳು. ನಮ್ಮ ಮನೆಗೆ ಬಂದ ಮೇಲೆ ಅವಳು ಆಡಿದ ಸುಳ್ಳು ಅದೊಂದೇ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಆಡಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಕೂಕಟ್‌ಪಲ್ಲಿ
ದಿನಾಂಕ: 30-10-2004
ಸಹಿ: ಸೂಗಮ್ಮ