ಅತ್ತಿಗೆಗೆ ಖಾನೆ ಇಲ್ಲ

ಹಲೋ... ಹಲೋ, ಯಾರು ಮಾತಾಡ್ತಿರೋದು?... ವಿಮೆ ಕಂಪನಿಯವರೇ ತಾನೆ? ಅಬ್ಬ, ಕೊನೆಗೂ ಮನುಷ್ಯರ ದನಿ ಬಂತಲ್ಲ! ಒಂದನ್ನ ಒತ್ತಿ, ಎರಡನ್ನ ಒತ್ತಿ ಅಂತ ಅರ್ಧ ಗಂಟೆಯಿಂದ ಬೆರಳು ಸವೆದು ಹೋಯ್ತು ಕಣ್ರೀ...

ಆಕೆ ಅಂಚೆ ಕಚೇರಿಯ ಗುಮಾಸ್ತೆ. ದಿನವಿಡೀ ಕೌಂಟರಿನಲ್ಲಿ ಕೂತು ಬೇರೆಯವರ ಸಿಡುಕು ಕೇಳಿಸಿಕೊಳ್ಳುವವಳು. ಇವತ್ತು ಸಿಡುಕುವ ಸರದಿ ತನ್ನದೆಂದು ರಜೆ ಹಾಕಿಯೇ ಫೋನ್ ಹಿಡಿದಿದ್ದಳು.

ಹಾಂ, ಮನೆ ಸಾಮಾನಿನ ಪಾಲಿಸಿ. ನಾಳೆಗೆ ಮುಗಿಯುತ್ತೆ... ಅಲ್ಲಲ್ಲ, ಗೋಡೆಗೂ ಅಲ್ಲ ಸೂರಿಗೂ ಅಲ್ಲ, ಮನೆ ಬಾಡಿಗೆದು. ಒಳಗಿರೋ ಸಾಮಾನಿಗೆ... ಹೌದು, ಹೋದ ತಿಂಗಳು ಕ್ಲೇಮ್ ಹಾಕಿದ್ದೆ. ಮೇಲಿನ ಮನೆ ಪೈಪ್ ಒಡೆದು ನಮ್ಮ ರೂಮೆಲ್ಲ ಕೆರೆಯಾಗಿತ್ತು. ನನ್ನ ಸೋಫಾಗೆ ಕೊಟ್ರಿ. ಅತ್ತಿಗೆ ಹಾಸಿಗೆ, ಬೀರು, ಕಂಪ್ಯೂಟರಿಗೆ ಕೈ ಎತ್ತಿಬಿಟ್ರಿ...

ಯಾಕೆ ಅಂತ ನನ್ನನ್ನೇ ಕೇಳ್ತೀರಲ್ಲ! ನಿಮ್ಮ ಪತ್ರದಲ್ಲೇ ಇದೆ, ಓದ್ಲಾ? ‘ಸದರಿಯವರು ಪಾಲಿಸಿದಾರರ ಕುಟುಂಬದ ಸದಸ್ಯರಲ್ಲ.’ ಹದಿನಾಲ್ಕು ವರ್ಷದಿಂದ ಒಂದೇ ಒಲೆ ಕಣ್ರೀ ನಮ್ಮದು... ಅಣ್ಣನಾ? ತೀರಿಕೊಂಡು ಒಂಬತ್ತು ವರ್ಷ ಆಯ್ತು... ಅಯ್ಯೋ, ಅಣ್ಣ ಹೋದ್ರೆ ಅತ್ತಿಗೆ ಅತ್ತಿಗೆ ಅಲ್ದೆ ಇನ್ನೇನಾಗ್ತಾರೆ?

ಆ ಪತ್ರವನ್ನು ಮೊದಲು ಒಡೆದು ಓದಿದವರು ಅತ್ತಿಗೆಯೇ. ಮಡಿಸಿ ಮೇಜಿನ ಮೇಲಿಟ್ಟರು. ಮಾರನೆಯ ದಿನದಿಂದ ಬೇರೆ ಕೋಣೆ ಹುಡುಕತೊಡಗಿದರು. ನಾಳೆ ಒಂದನ್ನು ನೋಡಿ ಗೊತ್ತು ಮಾಡಿಯೇ ಬಿಡುತ್ತಾರಂತೆ. ನಾದಿನಿಗೆ ಅಂದಿನಿಂದ ಊಟ ಸೇರುತ್ತಿಲ್ಲ.

ಹಾಂ, ಹೇಳಿ... ಎರಡು ಥರ ಇದೆಯಾ? ಒಂದು ಬರೀ ಕುಟುಂಬಕ್ಕೆ, ಇನ್ನೊಂದು ಮನೇಲಿ ವಾಸ ಇರೋರಿಗೆಲ್ಲ? ಇದನ್ನ ಹೋದ ವರ್ಷವೇ ಬಾಯಿಬಿಟ್ಟು ಹೇಳೋಕೆ ನಿಮಗೇನಾಗಿತ್ತು?... ಸರಿ, ಓದದೆ ಸಹಿ ಹಾಕಿದ್ದು ನನ್ನ ತಪ್ಪು, ಒಪ್ಕೊಂಡೆ. ಎರಡನೇದನ್ನೇ ಮಾಡಿ. ಹಾಳಾದ ಸಾಮಾನಿಗೆ ಹೊಸದರ ಬೆಲೆ ಕೊಡ್ತೀರಾ, ಇಲ್ಲ ಹಳೇದು ಅಂತ ಸವಕಳಿ ಕಳೀತೀರಾ?... ಹೊಸದರ ಬೆಲೆದೇ ಇರ್ಲಿ.

ಸಂಬಂಧನಾ? ಹೇಳಿದ್ನಲ್ಲ, ಅತ್ತಿಗೆ... ಆ ಖಾನೆ ಇಲ್ವಾ? ಮತ್ತೆ ಏನೇನಿದೆ?... ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ, ಇತರೆ. ಇತರೆ! ಪಾಲಿಸಿಲೂ ಹಾಗೇ ಅಚ್ಚಾಗುತ್ತಾ?... ಪರಿಹಾರ ಸಿಗುತ್ತೆ, ಗೊತ್ತಾಯ್ತು ಸ್ವಾಮಿ. ಆದ್ರೆ ಅದನ್ನ ಓದೋರು ಅವರು! ಇನ್ನೊಂದು ಸಲ ಅಂಥ ಕಾಗದ ಕೈಗೆ ಬಂದ್ರೆ ಅವರು ಈ ಮನೇಲಿ ಇರಲ್ಲ. ಅರ್ಥ ಆಗ್ತಿದ್ಯಾ ನಿಮಗೆ?...

ತಾಯಿ ಅಂತ ಹಾಕ್ಲಾ ಅಂತೀರಾ? ಆಮೇಲೆ ಸುಳ್ಳು ಬರೆಸಿದ್ರಿ ಅಂತ ತಕರಾರು ತೆಗೆಯೋಕಾ? ನನಗಿಂತ ಆರೇ ವರ್ಷ ದೊಡ್ಡೋರು, ಕೇಳಿಸಿಕೊಂಡ್ರೆ ಪೊರಕೆ ತಗೋತಾರೆ...

ತಡೀರಿ, ತಡೀರಿ. ಪಾಲಿಸಿ ಇಬ್ಬರಲ್ಲಿ ಯಾರ ಹೆಸರಿಗಾದ್ರೂ ಆಗುತ್ತಾ?... ಹಾಗಾದ್ರೆ ಅತ್ತಿಗೆ ಹೆಸರಿಗೆ ಮಾಡಿ. ನನ್ನನ್ನ ಇತರೆಗೆ ಹಾಕಿ... ಹಾಂ, ನನ್ನನ್ನೇ. ಅವರು ಯಜಮಾನಿ, ನಾನು ಇತರೆ. ಬರ್ಕೊಳ್ಳಿ... ಅವರ ಬಾಯಿಂದಲೇ ಕೇಳ್ಬೇಕಾ? ಅತ್ತಿಗೇ, ಬನ್ನಿ ಇಲ್ಲಿ! ಇವರು ಕೇಳಿದ್ದಕ್ಕೆಲ್ಲ ಹೂಂ ಅನ್ನಿ, ಅಷ್ಟೇ ಸಾಕು.

ಅತ್ತಿಗೆ ಸೆರಗಿಗೆ ಕೈ ಒರೆಸುತ್ತಾ ಬಂದು ಫೋನ್ ಈಸಿಕೊಂಡರು.

ಹಾಂ, ಹೇಳಪ್ಪಾ... ಹೌದು, ಮನೇಲಿ ನಾವಿಬ್ಬರೇ... ಏನಂದೆ? ಇವಳು ಇತರೆನಾ? ಯಾರು ಹೇಳಿದ್ದು ನಿನಗೆ?... ಅವಳೇ ಹೇಳಿದ್ಲಾ? ಅವಳಿಗೆ ತಲೆ ಕೆಟ್ಟಿದೆ. ನನ್ನ ನಾದಿನಿ ಕಣಪ್ಪಾ ಅವಳು, ಈ ಮನೆಮಗಳು! ಖಾನೆ ಇಲ್ದಿದ್ರೆ ಒಂದು ಮಾಡ್ಸು... ಆಗಲ್ಲ ಅಂದ್ರೆ? ನಾಳೆ ಕೋಣೆ ನೋಡೋದಿತ್ತು, ಅದು ಹಾಳಾಗ್ಲಿ. ನಿಮ್ಮ ಆಫೀಸಿಗೇ ಬರ್ತೀವಿ ಇಬ್ಬರೂ. ಅದ್ಯಾರು ಇವಳನ್ನ ಇತರೆ ಅಂತ... ಹಲೋ? ಹಲೋ?...