ಹಾಲಿನ ಬಟ್ಟಲು ಹಿಡಿದು ನಿಂತ ತಂಗಿ

ತಾಯಂದಿರೇ, ಅಣ್ಣಂದಿರೇ, ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಧರ್ಮಾತ್ಮ ಅಂತ ಹೆಸರು. ಗಂಡನಿಂದ ಎಚ್‌ಐವಿ ತಗುಲಿ, ಆ ಗಂಡನನ್ನೂ ಕಳೆದುಕೊಂಡ ತಂಗಿಯನ್ನು ಮನೆಗೆ ಕರೆತಂದ. ಎಷ್ಟು ಜನ ಕರೆತರುತ್ತಾರೆ, ಹೇಳಿ? ಇವನು ಕರೆತಂದ. ಬೇರೆ ಕೋಣೆ ಕೊಟ್ಟ, ಬೇರೆ ತಟ್ಟೆ ಕೊಟ್ಟ, ಬೇರೆ ಲೋಟ ಕೊಟ್ಟ.

ಒಂದು ದಿನ ಆಸ್ಪತ್ರೆಯ ನರ್ಸಮ್ಮ ಹಾಳೆಯೊಂದನ್ನು ಹಿಡಿದು ಬಂದಳು. ಕಾಯಿಲೆಯವರ ಬದುಕು ಹೇಗಿದೆ ಎಂದು ಅಳೆಯುವ ಹಾಳೆ. ಪ್ರತಿ ಪ್ರಶ್ನೆಗೂ ಒಂದರಿಂದ ಐದರವರೆಗೆ ಅಂಕ. “ನೀವು ಸ್ವಲ್ಪ ಆಚೆ ಇರ್ತೀರಾ?” ಎಂದು ಅವಳು ಸಾಹುಕಾರನನ್ನು ಕೇಳಿದರೆ, “ನಮ್ಮಲ್ಲಿ ಮುಚ್ಚುಮರೆ ಇಲ್ಲ” ಎಂದು ಅಣ್ಣ ಎದುರಿಗೇ ಕೂತ.

“ನಿದ್ದೆ ಹೇಗಿದೆ?”

“ಐದು ಹಾಕ್ಕೊಳ್ಳಿ ಸಿಸ್ಟರ್,” ಎಂದ ಅಣ್ಣ.

“ಊಟ?”

“ಅದಕ್ಕೂ ಐದು!”

“ಸ್ವಾಮಿ, ಮಾತ್ರೆ ನುಂಗೋರು ನೀವೋ, ಇವರೋ?” ನರ್ಸಮ್ಮ ತಂಗಿಯ ಕಡೆ ತಿರುಗಿದಳು. “ಮನೆಯವರು ನಿಮ್ಮನ್ನ ಎಷ್ಟು ಹತ್ತಿರ ಸೇರಿಸ್ಕೋತಾರಮ್ಮ?”

ತಂಗಿ ಅಣ್ಣನ ಕಡೆ ನೋಡಿದಳು. ಸೂರು ಅಣ್ಣನದು. ನಿಜ ಹೇಳಿ ಅದೂ ತಪ್ಪಿದರೆ ಎಲ್ಲಿಗೆ ಹೋಗುವುದು? ನೋಡಿ, ಎಷ್ಟು ಹೆಣ್ಣುಮಕ್ಕಳ ಉತ್ತರ ಹೀಗೆ ಗಂಟಲಲ್ಲೇ ಸತ್ತುಹೋಗುತ್ತದೆ!

ಆದರೂ ಈ ತಂಗಿ “ಒಂದು,” ಎಂದಳು.

“ಏನಮ್ಮಾ ಕಡಿಮೆ ಮಾಡಿದೀನಿ ನಿಂಗೆ?”

“ಏನೂ ಕಡಿಮೆ ಮಾಡಿಲ್ಲ ಅಣ್ಣಯ್ಯ. ನಾಗರಪಂಚಮಿ ದಿನ ಎಲ್ಲ ತಂಗಿಯರ ಹಾಗೆ ನಿನ್ನ ಬೆನ್ನು ಹಾಲಲ್ಲಿ ತೊಳೆದು ಹರಸೋಕೆ ಹಾಲಿನ ಬಟ್ಟಲು ಹಿಡ್ಕೊಂಡು ನಿಂತಿದ್ದೆ. ನೀನು ‘ದೂರದಿಂದ್ಲೇ ಹರಸಮ್ಮ’ ಅಂದು ಅಂಗಿ ತೊಟ್ಕೊಂಡೆ. ಹೋದ ವರ್ಷಾನೂ ಹಂಗೇ ಅಂದೆ. ಹಾಲು ಬಟ್ಟಲಲ್ಲೇ ಕೆನೆ ಕಟ್ತು.”

“ಬೆನ್ನು ಮುಟ್ಟಿದ್ರೆ ಅದು ಅಂಟಲ್ಲ ಸ್ವಾಮಿ,” ಎಂದಳು ನರ್ಸಮ್ಮ.

“ಗೊತ್ತು, ಗೊತ್ತು.” ಸಾಹುಕಾರ ಹಾಳೆಯನ್ನೇ ನೋಡಿದ. “ಎರಡಾದ್ರೂ ಹಾಕಿ ಸಿಸ್ಟರ್.”

“ಒಂದೇ ಇರಲಿ,” ಎಂದಳು ತಂಗಿ.

ಅವನನ್ನು ಕಂಡು ನಗಬೇಡಿ. ಅನ್ನ ಹಾಕಿದೆ, ಔಷಧಿ ತಂದೆ, ಐದಕ್ಕೆ ಐದು! ನಮ್ಮ ಕರುಣೆಗೆ ನಾವೇ ಅಂಕ ಕೊಟ್ಟುಕೊಳ್ಳುವವರು ನಾವೆಲ್ಲ. ಕರುಣೆ ಪಡೆದವರನ್ನು ಕೇಳಿದ್ದೇವೆಯೇ? ಒಂದು ದಿನವಾದರೂ ಕೇಳಿದ್ದೇವೆಯೇ?

ಇವತ್ತು ಮನೆಗೆ ಹೋಗಿ. ಕಾಯಿಲೆಯವರು ತಮ್ಮ ಕೈಯಾರೆ ಬಡಿಸಲಿ, ನೀವು ಅವರ ಪಕ್ಕದಲ್ಲೇ ಕೂತು ಉಣ್ಣಿ. ‘ನಿನಗೆ ಈ ಮನೆಯಲ್ಲಿ ಹೇಗಿದೆ?’ ಎಂದು ಕೇಳಿ. ಕೇಳಿದ ಮೇಲೆ, ಅವರು ಹೇಳಿ ಮುಗಿಸುವವರೆಗೆ, ನೀವು ಬಾಯಿ ತೆರೆಯಬೇಡಿ.