ಸರ್ವರ್‌ಗೆ ಸುಸ್ತು ಮಾಡಿದವನು

ಕೀನ್ಯಾದ ಕಿಸುಮು ಪಟ್ಟಣದಲ್ಲಿ ಮಟಾಟು ವ್ಯಾನಿಗಾಗಿ ಕಾಯುತ್ತಿದ್ದ ಆಟಿಯೆನೊಳ ಮುಂದೆ ಅಕ್ಕ ತಮ್ಮ ನಿಂತಿದ್ದರು. ಬೇಡವೆಂದರೂ ಅವಳ ಕಿವಿ ಅತ್ತಲೇ ಹೋಯಿತು.

“ನಿಮ್ಮ ಆಸ್ಪತ್ರೆ ವೆಬ್‌ಸೈಟು ಸರಿಹೋಯ್ತೇನೋ?”

“ಹೋಯ್ತಕ್ಕ. ನಮಗೇ ಅಂತ ಇರೋ ಸರ್ವರ್, ಬೇರೆಯವರ ಕಾಟ ಇಲ್ಲ. ಆದ್ರೂ ತೆವಳ್ತಿತ್ತು.”

“ನಿಮ್ಮ ಆಫೀಸಿನ ನೆಕೇಸಾ ಸೈಟಿಗೆ ಹಾಕಿದ ಫೋಟೋಗಳದೇ ತಪ್ಪು ಅಂತ ನೀನು ಅಂದಿದ್ದೆ.”

“ಅಂದಿದ್ದೆ. ಪಾಪ, ಕೆಲಸ ಹೋಗುತ್ತೆ ಅಂತ ಅತ್ತುಬಿಟ್ಟಳು.”

“ಮತ್ತೆ?”

“ಸೈಟು ನಿಧಾನ ಆಗಿದೆಯಾ ಅಂತ ಕ್ಷಣಕ್ಷಣಕ್ಕೂ ಕೇಳೋ ಪ್ರೋಗ್ರಾಂ ಒಂದಿತ್ತು. ಅದಕ್ಕೆ ಉತ್ತರ ಕೊಟ್ಟು ಕೊಟ್ಟು ಸರ್ವರ್ ಸುಸ್ತಾಗಿತ್ತು.”

“ಮಲಗಿದವರನ್ನ ಎಬ್ಬಿಸಿ ನಿದ್ದೆ ಬಂತಾ ಅಂದ ಹಾಗೆ. ಯಾವ ಮಹಾಜಾಣ ಬರೆದಿದ್ದು?”

“ನಿನ್ನೆದುರಿಗೇ ನಿಂತಿದ್ದಾನೆ, ಕಣ್ತುಂಬ ನೋಡ್ಕೋ.”

“ನೆಕೇಸಾಗೆ ಹೇಳಿದ್ಯಾ?”

“ಇವತ್ತು ಹೇಳ್ಬೇಕು.”

ಮಟಾಟು ಬಂತು. “ಮುಂದಿನದರಲ್ಲಿ ಹೋಗ್ತೀನಿ,” ಎಂದ ತಮ್ಮ.

“ನಿನಗಿಂತ ಆ ಸರ್ವರೇ ವಾಸಿ ಕಣೋ, ತೆವಳಿಕೊಂಡಾದ್ರೂ ಉತ್ತರ ಕೊಡ್ತಿತ್ತು,” ಎನ್ನುತ್ತ ಅಕ್ಕ ಅವನನ್ನು ಒಳಕ್ಕೆ ನೂಕಿ, ತಾನೂ ಹತ್ತಿದಳು.